ನಾಲ್ಕನೇ ಮೆಷಿನ್ನಿನ ಬಿಕ್ಕಳಿಕೆ

"ಮದುಮಗನಿಗೆ ಬೀಡಿ ಚಟ ಉಂಟಾ, ಮದುಮಗಳಿಗೆ ಮುಂಚೆ ಯಾರಾದರೂ ಇದ್ದರಾ ಅಂತ ಕಂಡವರ ಮನೆ ಮೋರಿ ಮೂಸಿಕೊಂಡು ತಿರುಗುವವ ನೀನು! ಒಂಬತ್ತನೇ ಕ್ಲಾಸಿನ ಬೆಂಚು ಬಿಸಿಯಾಗುವ ಮೊದಲೇ ಎದ್ದು ಬಂದವ. ನನ್ನ ಕಂಪ್ಯೂಟರಿನ ನಾಡಿ ನೋಡ್ತೀಯಾ ಮಾರಾಯ?"

ಗಲ್ಲಾದ ಹಿಂದೆ ಕೂತ ಮಧ್ವರಾಜ ಇದನ್ನು ಹೇಳಿದ್ದು ಭುಜಂಗನಿಗೆ. ಕೇಳಿಸಿದ್ದು ಮಾತ್ರ ಇಡೀ ಸೈಬರ್ ಕೆಫೆಗೆ. ಆಡುತ್ತಿದ್ದ ಹುಡುಗರು ಕಿವಿಯ ಹೆಡ್‌ಫೋನ್ ಸರಿಸಿ ನಕ್ಕರು. ಕನ್ನಡ ಬಾರದ ಒಬ್ಬನಿಗೆ ಪಕ್ಕದವನು ಹಿಂದಿಯಲ್ಲಿ ಬಿಡಿಸಿ ಹೇಳಿದ. ಅವನೂ ನಕ್ಕ. ಒಂದೇ ಬೈಗುಳಕ್ಕೆ ಎರಡು ಸಲ ನಗು.

ಭುಜಂಗನ ಕಿವಿ ಸುಟ್ಟಿತು. ಡೊಂಬಿವಲಿಯಲ್ಲಿ ಸೇವು, ಗಾಠಿಯಾ ಕರಿಯುವ ಫರಸಾಣದ ಅಂಗಡಿಯ ಮೇಲೆ ಅವನ ಆಫೀಸು. ಬೋರ್ಡಿನ ಮೇಲೆ 'ವಿವಾಹಪೂರ್ವ ವಿಚಾರಣೆ' ಎಂದು ಬರೆಸಿದವನು ಅವನೇ. ಈ ಮಧ್ವರಾಜನೇ ತನ್ನ ಹಿರಿ ಮಗಳ ಸಂಬಂಧ ನೋಡುವಾಗ ಆ ಮೆಟ್ಟಿಲು ಹತ್ತಿ ಬಂದು, ಧ್ವನಿ ತಗ್ಗಿಸಿ, "ಹುಡುಗನ ಮನೆಯಲ್ಲಿ ಯಾರಿಗಾದರೂ ತೊನ್ನು ಉಂಟಾ ನೋಡು" ಅಂದಿದ್ದ. ಆಗ ಮೋರಿಯ ವಾಸನೆ ಅವನ ಮೂಗಿಗೆ ಹತ್ತಿರಲಿಲ್ಲ. ಅದನ್ನು ಈಗ ಎತ್ತಿ ಆಡಬಹುದಿತ್ತು. ಆಡಿದರೆ ಬಾಗಿಲು ಮುಚ್ಚುತ್ತಿತ್ತು.

ಕಳೆದ ಭಾನುವಾರ ಕೆಫೆಯ ಇದೇ ಹಾಲಿನಲ್ಲಿ ಕನ್ನಡ ಸಂಘದ ಯುವ ವಿಭಾಗದ ಗೇಮಿಂಗ್ ಫೈನಲ್ ನಡೆದು, ಈ ಕೆಫೆಯದೇ ತಂಡದ ಹುಲಿಯಂಥ ಆಟಗಾರ ಅಕ್ಷಿತ್ ಕುರುಡನ ಹಾಗೆ ಗುಂಡು ಹಾರಿಸಿ ಸೋತಿದ್ದ; ಅವನು ಆಟ ಮಾರಿಕೊಂಡ ಎಂದು ಎಲ್ಲರೂ ನಂಬಿದ್ದರು, ನಂಬದೆ ಭುಜಂಗನ ಬಳಿ ಬಂದವಳು ಅವನ ತಾಯಿ ನಳಿನಾಕ್ಷಿ ಒಬ್ಬಳೇ.

ನಾಳೆ ಪಂದ್ಯದ ಸಮಿತಿ ಕೂಡುತ್ತದೆ. ಠಾಣೆ ಶಹರದಿಂದ ಕಲ್ಯಾಣದವರೆಗಿನ ಪ್ರತಿ ಸೈಬರಿನ ಗೋಡೆಗೂ ಅಕ್ಷಿತನ ಹೆಸರು 'ಮೋಸಗಾರ' ಎಂಬ ತಲೆಬರಹದಡಿ ಅಂಟುತ್ತದೆ. ಮಹಾಪೆಯ ಒಂದು ಕಂಪನಿ ಅವನನ್ನು ಆಟಗಳ ತಪ್ಪು ಹುಡುಕುವ ಕೆಲಸಕ್ಕೆ ಕರೆದಿತ್ತು. ಹನ್ನೊಂದನೇ ಕ್ಲಾಸು ಬಿಟ್ಟ ಹುಡುಗನಿಗೆ ಈ ಲೋಕ ತೆರೆದಿಟ್ಟ ಒಂದೇ ಒಂದು ಬಾಗಿಲು ಅದು. ಆ ಕಂಪನಿಯವರು ಸೋಮವಾರದವರೆಗೆ ಕಾಯುತ್ತೇವೆ ಎಂದಿದ್ದರು. ಹೆಸರಿಗೆ ಮಸಿ ಹತ್ತಿದ ಮೇಲೆ ಕಾಯುವುದು ಯಾರನ್ನು?

"ಬಿಡ್ರಿ ಮಧ್ವರಾಜ್, ನೋಡ್ಲಿ ಅವನೂ." ಮೂಲೆಯ ಸೋಫಾದಿಂದ ದನಿ ಬಂತು. ಗುರುಪಾದಪ್ಪ. ಕಳಂಬೋಲಿಯಲ್ಲಿ ಕಬ್ಬಿಣದ ವ್ಯಾಪಾರ, ಫೈನಲಿನ ಪ್ರಾಯೋಜಕ, ನಾಳಿನ ಸಮಿತಿಯ ಅಧ್ಯಕ್ಷ. "ನೋಡಿದ್ರ ನಿಮ್ಮ ಮಷಿನ್ ಏನ್ ಸವೀತದೇನು? ನಾ ಕಬ್ಬಣ ಮಾರೋ ಮನಷ್ಯಾ. ಕಾಟಾಕ್ಕ ಹಚ್ಚಿ ತೂಗಿದ ಮ್ಯಾಲೇ ನಂಬಾಂವ."

ಮಧ್ವರಾಜ ಮೂತಿ ತಿರುವಿದ. "ತೂಗಿ ಆಗಿದೆ ಗುರುಪಾದಪ್ಪನವರೇ. ಆಟ ಮುಗಿದ ಕೂಡಲೇ ರೆಫರಿ ಅದೇ ಮೆಷಿನ್ನಿನಲ್ಲಿ ಅದೇ ಆಟ ಓಡಿಸಿ ನೋಡಿದ್ದಾನೆ. ನೆಟ್ ಸರಿ ಉಂಟು, ಚಿತ್ರ ಸರಿ ಉಂಟು, ಎಲ್ಲಾ ಸರಿ ಉಂಟು. ಸರಿ ಇಲ್ಲದ್ದು ಹುಡುಗನ ಬುದ್ಧಿ."

ಅಕ್ಷಿತ್ ಫೈನಲ್ ಆಡಿದ್ದ ನಾಲ್ಕನೇ ಮೆಷಿನ್ನಿನ ಹತ್ತಿರ ಪೂಜಿತಾ ಕಾಯುತ್ತಿದ್ದಳು. ಮಧ್ವರಾಜನ ತಂಗಿಯ ಮಗಳು. ಐರೋಲಿಯಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಎರಡು ವರ್ಷದ ಹಿಂದೆ ಸಾಫ್ಟ್‌ವೇರಿನ ಕಳ್ಳ ಕಾಪಿ ಹಾಕಿದ್ದಾರೆಂದು ರೇಡ್ ಬಿದ್ದು ಮೆಷಿನ್ನುಗಳನ್ನೆಲ್ಲ ಹೊತ್ತುಕೊಂಡು ಹೋದ ಮೇಲೆ, ಇಡೀ ಕೆಫೆಗೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಮಾಮನ ಹೊಟ್ಟೆಪಾಡು ಉಳಿಸಿದವಳು ಇವಳೇ. ಅದಕ್ಕೆ ಮಾಮ ಕೊಟ್ಟ ಸಂಭಾವನೆ ಒಂದು ಚೂಡಿದಾರ್ ಪೀಸು.

"ಮಾಮನಿಗೆ ಬಿಪಿ ಉಂಟು ಭುಜಂಗಣ್ಣ. ಮಾತು ಮನಸ್ಸಿಗೆ ಹಚ್ಕೋಬೇಡಿ."

"ನನಗೂ ಉಂಟು. ನಾನು ಬೈತೇನಾ?"

ಪೂಜಿತಾ ನಗಲಿಲ್ಲ. ಆಟ ಶುರು ಮಾಡಿ ತೋರಿಸಿದಳು. ಐವರಿಗೆ ಐವರು ಎದುರಾಗಿ ಗುಂಡು ಹಾರಿಸುವ ಆಟ. ಪರದೆಯ ಮೂಲೆಯಲ್ಲಿ ಒಂದು ಅಂಕಿ. ಸೆಕೆಂಡಿಗೆ ಎಷ್ಟು ಚಿತ್ರ ಕಣ್ಣಿನ ಮುಂದೆ ಹಾದುಹೋಗುತ್ತದೆ ಎಂಬ ಸರಾಸರಿ ಲೆಕ್ಕ. ಅಂಕಿ ಚೆನ್ನಾಗಿತ್ತು. ಆಟ ಬೆಣ್ಣೆಯಂತೆ ಸಾಗಿತು.

"ಆಯ್ತಲ್ಲ?" ಎಂದ ಮಧ್ವರಾಜ, ಗಲ್ಲಾದಿಂದಲೇ.

ಭುಜಂಗ ಜೇಬಿನಿಂದ ಮೊಬೈಲ್ ತೆಗೆದ. ಶಹಾಡಿನಲ್ಲಿರುವ ಶರ್ಮಿಳಾ ಎಂಬಾಕೆಯ ಮನೆಯಲ್ಲಿ ಮೂರು ಚಕ್ಕುಲಿ ತಿಂದು, ಅವಳ ಅತ್ತೆಯ ಮಂಡಿನೋವಿನ ಪೂರ್ವಾಪರ ಕೇಳಿ ಪಡೆದ ವಿಡಿಯೊ ಅದರಲ್ಲಿತ್ತು. ಫೈನಲಿನ ದಿನ ಪ್ರಾರ್ಥನೆ ಹಾಡಿದ್ದು ಶರ್ಮಿಳಾಳ ಮಗಳು. ತಾಯಿ ಅದನ್ನು ಹಾಲಿನ ತುದಿಯಿಂದ ಮೊಬೈಲಿನಲ್ಲಿ ಹಿಡಿದಿದ್ದಳು. ನಮ್ಮವರು ಕಂಪ್ಯೂಟರಿನಲ್ಲಿ ಕೊಲ್ಲುವ ಆಟ ಆಡಿದರೂ ಮೊದಲು ಪ್ರಾರ್ಥನೆ, ದೀಪ ಬೆಳಗುವುದು, ಶಾಲು, ಹಣ್ಣು, ಭಾಷಣ ಆಗಲೇಬೇಕು.

"ಹುಡುಗಿಯನ್ನು ನೋಡಬೇಡಿ. ಕಣ್ಣು ಮುಚ್ಚಿ ಕೇಳಿ."

ಪೂಜಿತಾ ಮೊಬೈಲನ್ನು ಕಿವಿಗೆ ಹಿಡಿದಳು. ಗುರುಪಾದಪ್ಪ ಸೋಫಾದಿಂದ ಎದ್ದು ಬಂದ. ಎಳೆ ದನಿಯ ಹಾಡಿನ ಹಿಂದೆ ಇನ್ನೊಂದು ಸದ್ದು. ಹುರ್ ಎಂದು, ದೂರದ ಅಡುಗೆಮನೆಯಲ್ಲಿ ಮಿಕ್ಸರ್ ತಿರುಗುತ್ತಿರುವಂತೆ.

"ಫ್ಯಾನ್," ಎಂದಳು ಪೂಜಿತಾ. "ಪ್ರೊಸೆಸರಿನ ಫ್ಯಾನು. ನಾಲ್ಕನೇದರದ್ದೇ, ಅದರ ಒಂದು ರೆಕ್ಕೆ ಮುರಿದಿದೆ, ಹೀಗೇ ಕಿರಚುತ್ತೆ. ಲೇಕಿನ್ ಅದು ಕಿರಚೋದು ಫುಲ್ ಲೋಡ್ ಇದ್ದಾಗ ಮಾತ್ರ."

"ಪ್ರಾರ್ಥನೆಯ ಹೊತ್ತಿಗೆ ಆಟ ಶುರುವಾಗಿತ್ತಾ?"

"ಇಲ್ಲ."

"ಮತ್ತೆ ಯಾವ ಲೋಡು?"

ಪೂಜಿತಾ ಮಾಮನ ಕಡೆ ನೋಡಿದಳು. ಮಾಮ ಗಲ್ಲಾದ ಮೇಲಿನ ಧೂಳು ಒರೆಸಲು ಶುರು ಮಾಡಿದ್ದ.

ಉತ್ತರ ಸರಳವಾಗಿತ್ತು. ಕೆಫೆಯ ಇನ್ನೊಂದು ಆದಾಯ ಮದುವೆ ವಿಡಿಯೊ. ಕ್ಯಾಮೆರಾದ ಕ್ಯಾಸೆಟ್ಟಿನಿಂದ ತೆಗೆದು, ಕಂಪ್ಯೂಟರಿನಲ್ಲಿ ಅರೆದು ಹದಕ್ಕೆ ತಂದು, ಡಿವಿಡಿ ಮಾಡಿ ಕೊಡುವುದು. ಹುಡುಗರು ಮುಂದೆ ಆಡುತ್ತಿರುವಾಗಲೇ ಅದೇ ಮೆಷಿನ್ನಿನ ಬೆನ್ನಿಗೆ ಯಾರದೋ ಧಾರೆ, ಯಾರದೋ ಮಂಟಪ ಅರೆಯುತ್ತಾ ಬಿದ್ದಿರುತ್ತದೆ. ಆ ಕೆಲಸವನ್ನು ನೋಡಿಕೊಳ್ಳುತ್ತಿದ್ದವನು ಅಕ್ಷಿತ್.

"ಹಾಗಂತ ಆಟಕ್ಕೆ ಎಂದೂ ತೊಂದರೆ ಆಗಿಲ್ಲ," ಪೂಜಿತಾ ಆತುರದಿಂದ ಹೇಳಿದಳು. "ಹೇಗೆ ಹೇಳೋದು ನಿಮಗೆ... ಪ್ರೊಸೆಸರ್ ಒಂದು, ಕೆಲಸ ಹತ್ತು. ಯಾರಿಗೆ ಯಾವಾಗ ಚಾನ್ಸ್ ಅಂತ ಲಿನಕ್ಸಿನ ಹೊಟ್ಟೆಯೊಳಗೆ ಒಬ್ಬ ಕೂತು ಹಂಚ್ತಾನೆ. ಅವನಿಗೆ ಶೆಡ್ಯೂಲರ್ ಅಂತಾರೆ."

"ತವಾದ ಮುಂದೆ ನಿಂತ ಭಟ್ಟ."

"ಹಾಂ?"

"ನಾನು ಏಳು ವರ್ಷ ಮಾವನ ಹೋಟೆಲಿನ ಕಿಚನ್ನಿನಲ್ಲಿ ಬೆಂದವ. ತವಾ ಒಂದೇ. ಟೇಬಲಿನವ ಒಂದು ಮಸಾಲೆ ದೋಸೆ ಕೇಳ್ತಾನೆ, ಹೊರಗೆ ಪಾರ್ಸೆಲಿನವ ಇಪ್ಪತ್ತು ಕೇಳ್ತಾನೆ. ಯಾರದ್ದು ಮೊದಲು ಹೊಯ್ಯಬೇಕು ಅಂತ ಭಟ್ಟನದೇ ತೀರ್ಮಾನ."

"ಕರೆಕ್ಟ್! ಲಿನಕ್ಸಿನ ಜೊತೆ ಬರೋ ಭಟ್ಟ ತುಂಬ ನ್ಯಾಯವಂತ. ಸಾಲಿನಲ್ಲಿ ನಿಂತ ಎಲ್ಲರಿಗೂ ಸಮಪಾಲು ಕೊಡ್ತಾನೆ."

"ಪಾರ್ಸೆಲಿನವ ಸಾಲಿನಲ್ಲಿ ತನ್ನ ನಾಲ್ಕು ಜನರನ್ನು ನಿಲ್ಲಿಸಿದರೆ?"

ಪೂಜಿತಾ ಬೆರಳು ಮಡಚಿ ಎಣಿಸಿದಳು. "ವಿಡಿಯೊ ಸಾಫ್ಟ್‌ವೇರ್ ಹಾಗೇ ಮಾಡೋದು. ನಾಲ್ಕಾಗಿ ಒಡೆದು ನಿಲ್ಲುತ್ತೆ. ಆಗ ನಾಲ್ಕು ಪಾಲು ಅದಕ್ಕೆ, ಆಟಕ್ಕೆ ಒಂದು."

"ಇದಕ್ಕೆ ನ್ಯಾಯ ಅಂತ ಹೆಸರು." ಭುಜಂಗನ ತುಟಿ ಕಹಿ ತಿಂದವನಂತೆ ಸೊಟ್ಟಗಾಯಿತು.

"ಅದಕ್ಕೇ ನಾನು ಬೇರೆ ಭಟ್ಟನನ್ನು ತರೋಣ ಅಂದಿದ್ದೆ. ನೆಟ್ಟಿನಲ್ಲಿ ಸಿಗ್ತಾನೆ. ಸಮಪಾಲಿಗಿಂತ ಜಾಸ್ತಿ, ಮೌಸ್ ಹಿಡಿದು ಎದುರಿಗೆ ಕೂತವನನ್ನು ಕಾಯಿಸಬಾರದು ಅನ್ನೋದು ಅವನ ಲೆಕ್ಕ. ಮನೆಯ ಮೆಷಿನ್ನಿಗೆ ಹಾಕಿದ್ದೇನೆ, ಆಟ ಸಾಫ್ ಓಡುತ್ತೆ, ಹಿಂದಿನ ಕೆಲಸ ಸ್ವಲ್ಪ ನಿಧಾನ. ಮಾಮ ಬೇಡ ಅಂದ್ರು. ನಡೆಯೋದನ್ನು ಯಾಕೆ ಮುಟ್ಟೋದು ಅಂತ. ಹಾಗಾಗಿ ಒಂದು ಉಪಾಯ ಮಾಡಿದೆ. ವಿಡಿಯೊ ಕೆಲಸವನ್ನೆಲ್ಲ ಕೆಳಗಿನ ದರ್ಜೆಗೆ ಇಳಿಸಿಟ್ಟೆ. ಗಿರಾಕಿ ಆಡದೇ ಇರುವಾಗ ಸಿಕ್ಕಿದ್ದು ತಿನ್ನು, ಆಡುವಾಗ ಬಾಯಿ ಮುಚ್ಚಿಕೊಂಡು ಹಿಂದೆ ನಿಲ್ಲು. ಆ ದರ್ಜೆಗೆ ನೈಸ್ ಅಂತಾರೆ. ನೈಸ್ ಜಾಸ್ತಿ ಇದ್ದಷ್ಟೂ ಹಿಂದಕ್ಕೆ."

"ಒಳ್ಳೆಯವನಾದಷ್ಟೂ ಹಿಂದಕ್ಕೆ. ಹೊರಗೂ ಹಾಗೇ ಅಲ್ವಾ, ಹೊಸದೇನಿಲ್ಲ. ಆ ದರ್ಜೆ ಮೇಲಕ್ಕೆ ಏರಿಸಿದರೆ?"

"ಏರಿಸೋಕೆ ಮಾಸ್ಟರ್ ಪಾಸ್‌ವರ್ಡ್ ಬೇಕು. ಏರಿಸಿದರೆ ಯಾವ ಭಟ್ಟನಾದರೂ ಏನು ಮಾಡ್ತಾನೆ? ಮೇಲಿನವರ ಆರ್ಡರು."

"ಏರಿಸಿ ತೋರಿಸು."

ಪೂಜಿತಾ ಒಂದು ಹಳೆಯ ಮದುವೆಯನ್ನು ಅರೆಯಲು ಹಚ್ಚಿದಳು. ಮೊದಲು ಕೆಳಗಿನ ದರ್ಜೆಯಲ್ಲಿ. ಆಟ ಸಾಗಿತು, ಅಂಕಿ ನೆಟ್ಟಗಿತ್ತು. ಆಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು, ಪಾಸ್‌ವರ್ಡ್ ಒತ್ತಿ, ಮದುವೆಯನ್ನು ಎಲ್ಲರಿಗಿಂತ ಮೇಲಕ್ಕೆ ಏರಿಸಿದಳು.

ಫ್ಯಾನ್ ಕಿರಚಿತು. ಮೊಬೈಲಿನಲ್ಲಿ ಕೇಳಿದ್ದು ಇದೇ ಸದ್ದು. ಗುರುಪಾದಪ್ಪನ ಹುಬ್ಬು ಮೇಲೇರಿತು.

ಆಟದೊಳಗಿನ ಸೈನಿಕ ಖಾಲಿ ಓಣಿಯಲ್ಲಿ ನಡೆಯುವಷ್ಟು ಹೊತ್ತು ಏನೂ ಆಗಲಿಲ್ಲ. ಮೂಲೆ ತಿರುಗಿ ಇಬ್ಬರು ಎದುರಾದರು. ಗುಂಡು, ಹೊಗೆ, ಓಟ. ಪರದೆ ಗಕ್ಕನೆ ನಿಂತಿತು. ಬಿಕ್ಕಳಿಸಿತು. ಮತ್ತೆ ಹೊರಟಿತು. ಎದುರಿದ್ದವನು ಅಷ್ಟರಲ್ಲಿ ಬೆನ್ನ ಹಿಂದೆ. ಗುರಿಯಿಟ್ಟ ಜಾಗದಲ್ಲಿ ಬರೀ ಗೋಡೆ.

"ಅಂಕಿ ನೋಡ್ರಿ," ಎಂದ ಗುರುಪಾದಪ್ಪ ಬೆರಳು ತೋರಿಸಿ. ಮೂಲೆಯ ಅಂಕಿ ಸ್ವಲ್ಪವೇ ಇಳಿದು ಮರ್ಯಾದಸ್ಥರಂತೆ ನಿಂತಿತ್ತು.

"ಅದು ಸರಾಸರಿ," ಎಂದಳು ಪೂಜಿತಾ. ಅವಳ ದನಿ ಸಣ್ಣದಾಗಿತ್ತು. "ಓಣಿಯಲ್ಲಿ ನಡೆಯುವಾಗ ಬಂದ ಚಿತ್ರಗಳನ್ನೂ ಸೇರಿಸಿ ಹೇಳುತ್ತೆ. ಪ್ರೊಸೆಸರ್ ನಿಜವಾಗಿ ಬೇಕಾದ ಗಳಿಗೆಯಲ್ಲಿ ಸಿಗದಿದ್ದರೆ ಅದಕ್ಕೆ ಗೊತ್ತೇ ಆಗೋದಿಲ್ಲ. ರೆಫರಿ ನೋಡುವಾಗ ಈ ಕೆಲಸ ಮುಗಿದೂ ಇರಬೇಕು. ಅವನಿಗೆ ಏನು ಸಿಗುತ್ತೆ? ಮಣ್ಣು."

ಕೆಫೆಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಸೋತ ಸಿಟ್ಟಿಗೆ ಅಕ್ಷಿತನ ದವಡೆಗೆ ಗುದ್ದಿದ್ದ ಅವನದೇ ತಂಡದ ಹುಡುಗರಿಬ್ಬರು ಅಲ್ಲೇ ಇದ್ದರು. ಒಬ್ಬ ಹೆಡ್‌ಫೋನನ್ನು ಮತ್ತೆ ಕಿವಿಗೇರಿಸಿಕೊಂಡ. ಅದರ ವೈರು ಎಲ್ಲಿಗೂ ಸಿಕ್ಕಿಸಿರಲಿಲ್ಲ.

ಭುಜಂಗ ಗಲ್ಲಾದತ್ತ ನಡೆದ.

"ಹೋಟೆಲಿನಲ್ಲಿ ಟೇಬಲಿನವನನ್ನು ಕಾಯಿಸಿ ಪಾರ್ಸೆಲನ್ನು ಮುಂದೆ ತಳ್ಳುವವ ಯಾರು ಮಧ್ವರಾಜಣ್ಣ? ಗಲ್ಲಾದಲ್ಲಿ ಕೂತವ. ಟೇಬಲಿನವ ಹೇಗೂ ಕೂತಿದ್ದಾನೆ, ಎಲ್ಲಿಗೆ ಹೋಗ್ತಾನೆ? ಪಾರ್ಸೆಲಿನವ ಬಿಟ್ಟರೆ ಪಕ್ಕದ ಹೋಟೆಲಿಗೆ ಹೋದಾನು. ಯಾರ ಮದುವೆ ಅದು? ಯಾರಿಗೆ ಅವಸರ ಇತ್ತು ಅಂತ ಹುಡುಗನ ತುತ್ತಿಗೆ ಮಣ್ಣು ಹಾಕಿದಿರಿ?"

"ಬಾಯಿ ಮುಚ್ಚು!" ಮಧ್ವರಾಜ ಎದ್ದ ಭರಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಮುಚ್ಚುವುದಿಲ್ಲ. ಒಂದು ವಾರ ಅವನು ಮಾರಿಕೊಂಡ, ಮಾರಿಕೊಂಡ ಅಂತ ಡಂಗುರ ಹೊಡೆದವರು ನೀವು."

"ಹೊಡೆದೆ! ಹೊಟ್ಟೆ ಉರಿದು ಹೊಡೆದೆ!" ಮಧ್ವರಾಜನ ಕುತ್ತಿಗೆಯ ನರ ಉಬ್ಬಿತು. "ಸೋತದ್ದು ಯಾರ ತಂಡ? ನನ್ನದು! ಗೆದ್ದಿದ್ದರೆ ಕಪ್ ಎಲ್ಲಿ ನಿಲ್ಲುತ್ತಿತ್ತು? ಇಲ್ಲಿ, ಈ ಗಲ್ಲಾದ ಮೇಲೆ, ಗಣಪತಿಯ ಪಕ್ಕದಲ್ಲಿ! ಜಾಗ ಒರೆಸಿ ಇಟ್ಟಿದ್ದೆ. ಆ ಹುಡುಗನನ್ನು ಮೂರು ವರ್ಷದಿಂದ ಇಲ್ಲಿ ಕೂರಿಸಿ ಆಡಿಸಿದ್ದೇನೆ, ಒಂದು ಗಂಟೆಯ ಬಾಡಿಗೆ ಕೇಳಲಿಲ್ಲ. ನನ್ನ ತಂಡವನ್ನು ನಾನೇ ಸೋಲಿಸ್ತೇನಾ?"

ಭುಜಂಗ ಗಣಪತಿಯ ಪಕ್ಕದ ಖಾಲಿ ಜಾಗ ನೋಡಿದ.

"ಮತ್ತೆ ಆ ಪಾಸ್‌ವರ್ಡು! ಕೇಳು ಇವಳನ್ನು. ನನಗೆ ಹೇಳಬೇಡ ಅಂತ ನಾನೇ ಹೇಳಿದ್ದು. ಕೈತಪ್ಪಿ ಏನಾದರೂ ಒತ್ತಿಬಿಟ್ಟೇನು ಅಂತ ಹೆದರಿಕೆ. ಆ ಕಪ್ಪು ಕಿಟಕಿ ತೆರೆಯುವುದು ಹೇಗೆ ಅಂತ ಸಹ ನನಗೆ ಗೊತ್ತಿಲ್ಲ ಮಾರಾಯ!"

"ಹೌದು ಭುಜಂಗಣ್ಣ," ಎಂದಳು ಪೂಜಿತಾ, ಕಣ್ಣೆತ್ತದೆ. "ಮಾಮನಿಗೆ ಗೊತ್ತಿಲ್ಲ. ಗೊತ್ತಿರೋದು ಇಬ್ಬರಿಗೇ. ಆ ದಿನ ನಾನು ಐರೋಲಿಯಲ್ಲಿ ಪರೀಕ್ಷೆಗೆ ಓದ್ತಿದ್ದೆ."

"ಇನ್ನೊಬ್ಬರು?"

ಅವಳು ಕೀಬೋರ್ಡಿನ ಮೇಲಿನ ಧೂಳನ್ನು ಉಗುರಿನಿಂದ ಕೆರೆಯುತ್ತಾ ಹೇಳಿದಳು. "ಅಕ್ಷಿತ್."

ಹುಡುಗರಲ್ಲಿ ಒಬ್ಬ ನಕ್ಕ. ಇನ್ನೊಬ್ಬ ಸೇರಿಕೊಂಡ. ಬೆಳಗಿನಿಂದ ಓಡಾಡಿ, ಕಾಡಿ ಬೇಡಿ, ಎಲ್ಲರ ಮುಂದೆ ತೂಗಿ, ಭುಜಂಗ ತಾನೇ ತಂದು ತೋರಿಸಿದ ಸಾಕ್ಷಿ ಕಾಪಾಡಬೇಕಾದ ಹುಡುಗನ ಕೊರಳಿಗೇ ಸುತ್ತಿಕೊಂಡಿತ್ತು.

"ಭಾರೀ ಬೆರಕಿ ಪೋರ," ಗುರುಪಾದಪ್ಪ ನಿಟ್ಟುಸಿರಿಟ್ಟ. "ಗುರಿ ತಪ್ಪಿಸಿದ್ರ ಮಂದಿ ಕಣ್ಣಿಗೆ ಬೀಳತದ. ಮಷಿನ್ನೇ ತಪ್ಪಿಸಿದ್ರ? ನೋಡಪಾ ಭುಜಂಗ, ನಾಳೆ ಸಮಿತಿ ಕೂಡತದ. ಬ್ಯಾರೆ ಯಾರಾದ್ರೂ ಮಾಡ್ಯಾರ ಅಂತಿದ್ರ ಹೆಸರು ತಗೊಂಡು ಬಾ. ಹೆಸರಿಲ್ಲದ ಬಂದ್ರ ಇದನ್ನೂ ಸೇರಿಸಿ ಅವನ ಹೆಸರೇ ಗ್ವಾಡಿಗೆ ಹಚ್ಚತೀವಿ."

ಕಲ್ಯಾಣ ಸ್ಟೇಷನ್ನಿನ ಸ್ಕೈವಾಕಿನ ಮೇಲೆ ಜನ ಅವನನ್ನು ತಳ್ಳಿಕೊಂಡು ಹೋಗುತ್ತಿದ್ದರು. ಭುಜಂಗ ಕಂಬಿಗೆ ಒರಗಿ ನಿಂತ. ತಪ್ಪಿದ್ದು ಎಲ್ಲಿ? ಹೋಟೆಲಿನ ಲೆಕ್ಕ ಹಾಕಿ ಗಲ್ಲಾದವನ ಕೊರಳಪಟ್ಟಿ ಹಿಡಿದಿದ್ದ. ಆದರೆ ರಶ್ಶಿನ ಹೊತ್ತಿನಲ್ಲಿ ಗಲ್ಲಾದವನಿಗೆ ಕಿಚನ್ನು ಎಲ್ಲಿ ಕಾಣುತ್ತದೆ? ಹಿಂದಿನ ಬಾಗಿಲಿಗೆ ತನ್ನವರು ಯಾರಾದರೂ ಬಂದು "ನನಗೊಂದು ಬೇಗ ಹೊಯ್ದು ಕೊಡು" ಎಂದು ಪಿಸುಗುಟ್ಟಿದರೆ, ಸಾಲು ಮುರಿದು ನಡುವೆ ಒಂದು ಹೊಯ್ಯುವವನು ತವಾದ ಮುಂದೆ ನಿಂತ ಭಟ್ಟನೇ. ಭುಜಂಗ ಅದನ್ನು ದಿನವೂ ಕಂಡವನು.

ಹಾಗಾದರೆ ಹಿಂದಿನ ಬಾಗಿಲಿಗೆ ಬಂದವರು ಯಾರು?

ಅವನು ಮೊಬೈಲ್ ತೆಗೆದ. ಇದುವರೆಗೆ ವಿಡಿಯೊದ ಸದ್ದು ಕೇಳಿದ್ದ, ಹಾಡುವ ಹುಡುಗಿಯನ್ನು ನೋಡಿದ್ದ. ಈಗ ಚಿತ್ರದ ಎಡ ಅಂಚನ್ನು ನೋಡಿದ.

ಪ್ರಾರ್ಥನೆ ನಡೆಯುತ್ತಿದೆ. ಹಾಲಿನಲ್ಲಿರುವವರೆಲ್ಲ ಎದ್ದು ನಿಂತಿದ್ದಾರೆ, ಕೈ ಮುಗಿದಿದ್ದಾರೆ, ಬಹಳ ಜನ ಕಣ್ಣು ಮುಚ್ಚಿದ್ದಾರೆ. ಅಂಚಿನಲ್ಲಿ ಅಕ್ಷಿತ್ ಒಬ್ಬನೇ ಕೂತಿದ್ದಾನೆ. ಎದುರಿಗೆ ಕಪ್ಪು ಕಿಟಕಿ. ಬೆರಳುಗಳು ಓಡುತ್ತಿವೆ.

ಅವನ ಕುರ್ಚಿಯ ಬೆನ್ನ ಮೇಲೆ ಒಂದು ಕೈ ಇತ್ತು. ಹಸಿರು ಬಳೆಯ ಕೈ. ಆ ಹೆಂಗಸೂ ಕೈ ಮುಗಿದಿರಲಿಲ್ಲ. ಇನ್ನೊಂದು ಕೈಯಲ್ಲಿ ಮಡಚಿದ ಬಟ್ಟೆಚೀಲ. ಬಗ್ಗಿ ಹುಡುಗನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಅವನು ತಲೆಯಾಡಿಸಿದ. ಅವಳು ಮತ್ತೆ ಬಗ್ಗಿದಳು. ಅವನು ಒಂದು ಕೀಲಿ ಒತ್ತಿದ. ಹಾಡಿನ ಹಿಂದೆ ಫ್ಯಾನ್ ಕಿರಚಲು ಶುರುವಾಯಿತು.

ಆಮೇಲೆ ದೀಪ. ಆಮೇಲೆ ಗುರುಪಾದಪ್ಪ ಮೈಕು ಹಿಡಿದು, "ನಂದೇನಿಲ್ರಿ, ಕಳಂಬೋಲಿಗೆ ಗಾಡಿ ಬಂದು ನಿಂತಾವ. ಹುಡುಗ್ರು ಆಡ್ಲಿ. ಭಾಷಣ ಯಾರಿಗೆ ಬೇಕು?" ಎಂದದ್ದು, ಜನ ಹೋ ಎಂದು ಚಪ್ಪಾಳೆ ತಟ್ಟಿದ್ದು.

ಚಪ್ಪಾಳೆ ತಟ್ಟದವನು ಅಂಚಿನಲ್ಲಿದ್ದ. ಅವನ ಮುಖ ಬಿಳಿಚಿತ್ತು.

ಭುಜಂಗ ಆ ಬಳೆಗಳನ್ನು ಹತ್ತಿರದಿಂದ ನೋಡಿದ್ದ. ಅವನ ಆಫೀಸಿನ ಮೇಜಿನ ಮೇಲೆ ತಲೆಯಿಟ್ಟು ಅತ್ತ ಹೆಂಗಸಿನ ಕೈಯಲ್ಲಿ.

ಠಾಕುರ್ಲಿಯ ಸಾಲುಮನೆಗಳ ಚಾಳಿನ ಎರಡನೇ ಮಾಳಿಗೆಯ ಗ್ಯಾಲರಿಯಲ್ಲಿ ನಳಿನಾಕ್ಷಿ ಕಾಲು ಚಾಚಿ ಕೂತು ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಪಕ್ಕದ ಮನೆಯ ಬಸವಣ್ಣೆವ್ವ ಹೊಸ್ತಿಲ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು.

"ಬಾ ಭುಜಂಗ. ಏನಾಯಿತು ಹೋದ ಕೆಲಸ?" ನಳಿನಾಕ್ಷಿ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. "ಅವನು ಇವತ್ತೂ ಒಂದು ಮಾತಾಡಲಿಲ್ಲ. ಗೋಡೆಗೆ ಮುಖ ಮಾಡಿ ಬಿದ್ದಿದ್ದಾನೆ."

"ಅವನನ್ನು ಒಮ್ಮೆ ನೋಡ್ತೇನೆ ಅಕ್ಕ."

ಒಳಗೆ ಒಂದೇ ಕೋಣೆ. ಅಕ್ಷಿತನ ದವಡೆ ಇನ್ನೂ ನೀಲಿಗಟ್ಟಿತ್ತು. ಭುಜಂಗ ಮೊಬೈಲನ್ನು ಅವನ ಮುಖದ ಮುಂದೆ ಹಿಡಿದ. ಹುಡುಗ ನೋಡಿದ. ಪೂರ್ತಿ ನೋಡಿದ. ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿ, ಪಿಸುದನಿಯಲ್ಲಿ ಕೇಳಿದ.

"ಕಿಸಿಕೋ ದಿಖಾಯಾ?"

"ಯಾರಿಗೂ ಇಲ್ಲ. ಯಾರ ಮದುವೆ ಅದು?"

"ನನ್ನ ಊರಿನ ಮಾಮನ ಮಗಳದ್ದು." ಅಮ್ಮನ ಅಣ್ಣ ಪುಂಡರೀಕಾಕ್ಷ, ಉಡುಪಿ ಕಡೆಯವನು. ಮಗಳ ಮದುವೆ ಇಲ್ಲೇ ಠಾಣೆ ಶಹರದಲ್ಲಿ ಮಾಡಿದ್ದ. "ಆ ದಿನ ಮಧ್ಯಾಹ್ನದ ಗಾಡಿಗೆ ಅವರು ವಾಪಸ್ ಹೋಗೋರಿದ್ರು. ಅಮ್ಮ ಎಲ್ಲರ ಮುಂದೆ ಹೇಳ್ಬಿಟ್ಟಿದ್ಳು, ನನ್ನ ಮಗ ಡಿವಿಡಿ ಮಾಡಿ ಕೊಡ್ತಾನೆ, ಅವನು ಕಂಪ್ಯೂಟರಿನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ ಅಂತ. ಅವರ ಮುಂದೆ ಅಮ್ಮನಿಗೆ ಹೇಳ್ಕೊಳ್ಳೋಕೆ ಇನ್ನೇನಿದೆ ಭುಜಂಗಣ್ಣ?"

"ಆಟ ಶುರುವಾಗುತ್ತೆ ಅಂತ ಗೊತ್ತಿತ್ತಲ್ಲ."

"ಭಾಷಣ ಲಂಬಾ ಆಗುತ್ತೆ ಅಂದ್ಕೊಂಡೆ." ಹುಡುಗ ನಗಲು ನೋಡಿದ, ದವಡೆ ಬಿಡಲಿಲ್ಲ. "ಹಮೇಶಾ ಹೋತಾ ಹೈ ನಾ. ಅಧ್ಯಕ್ಷರು, ಕಾರ್ಯದರ್ಶಿ, ವಂದನಾರ್ಪಣೆ. ಅಷ್ಟರಲ್ಲಿ ಮುಗೀತಿತ್ತು. ಗುರುಪಾದಪ್ಪ ಅಂಕಲ್ ಮೈಕು ಹಿಡಿದು ಇಟ್ಟುಬಿಟ್ರು."

"ನಿಲ್ಲಿಸಬಹುದಿತ್ತು."

"ಆಟ ಚಾಲೂ ಆದ ಮೇಲೆ ಬೇರೆ ಕಿಟಕಿ ತೆರೆದ್ರೆ ಟೀಮ್ ಔಟ್. ರೂಲ್. ಫಿರ್..." ಅವನು ಚಾಪೆಯ ಎಳೆ ಕೀಳುತ್ತಿದ್ದ. "ನಿಲ್ಲಿಸಿದ್ರೆ ಡಿವಿಡಿ ಆಗ್ತಿರ್ಲಿಲ್ಲ. ಅಮ್ಮ ಚೀಲ ಹಿಡ್ಕೊಂಡು ನಿಂತಿದ್ಳು."

"ಇದನ್ನೇ ನಾಳೆ ಸಮಿತಿಗೆ ಹೇಳು. ಇದರಲ್ಲಿ ಕಳ್ಳತನ ಏನಿದೆ? ತಿಳಿಯದೆ ಆದದ್ದು."

"ನಕೋ." ಅಕ್ಷಿತ್ ಅವನ ಮಣಿಕಟ್ಟು ಹಿಡಿದ. ಹಿಡಿತಕ್ಕೆ ಮೂಳೆ ನೊಂದಿತು. "ನಕೋ ಭುಜಂಗಣ್ಣ. ಅಮ್ಮನಿಗೆ ಏನೂ ಗೊತ್ತಿಲ್ಲ. ಮಿಕ್ಸರ್ ಸ್ವಿಚ್ ಹಾಕಿದ ಹಾಗೆ ಅಂದ್ಕೊಂಡಿದ್ದಾಳೆ. ತನ್ನಿಂದ ನನ್ನ ಕೆಲಸ ಹೋಯ್ತು ಅಂತ ಗೊತ್ತಾದ್ರೆ... ನಾನು ಮಾರಿಕೊಂಡೆ ಅಂತಾನೇ ಇರಲಿ. ಉಸೆ ಮತ್ ಬೋಲ್ನಾ, ಹೇಳ್ಬೇಡಿ. ಪ್ಲೀಸ್."

ಭುಜಂಗ ಕೈ ಬಿಡಿಸಿಕೊಂಡು ಹೊರಗೆ ಬಂದ.

ಅವನ ಮುಖ ನೋಡಿದ್ದೇ ನಳಿನಾಕ್ಷಿ ಸೀರೆ ಬದಿಗೆ ಸರಿಸಿ ಎದ್ದಳು. "ನಿನಗೆ ಗೊತ್ತಾಗಿದೆ."

ಭುಜಂಗ ಚಪ್ಪಲಿ ಹುಡುಕುತ್ತಿದ್ದ.

"ಗೊತ್ತಾಗಿದೆ, ಮುಚ್ಚಿಡಬೇಡ. ಯಾರೋ ಮಾಡಿದ್ದೇ ಅಲ್ವಾ? ನನ್ನ ಮಗ ಮಾರಿಕೊಂಡದ್ದಲ್ಲ ಅಲ್ವಾ?" ಅವಳ ಕಣ್ಣಿನಲ್ಲಿ ಒಂದು ವಾರದಿಂದ ಇಲ್ಲದ ಬೆಳಕು ಬಂದಿತ್ತು. "ನೋಡು ಬಸವಣ್ಣೆವ್ವ, ನಾನು ಹೇಳಲಿಲ್ವಾ! ನಿನ್ನೆ ಅಣ್ಣ ಊರಿನಿಂದ ಫೋನ್ ಮಾಡಿದ್ದ. ಡಿವಿಡಿ ಎಷ್ಟು ಚಂದ ಆಗಿದೆ, ಮನೆಮಂದಿಯೆಲ್ಲ ಕೂತು ನೋಡಿದೆವು, ನಿನ್ನ ಮಗನ ಕೈಯಲ್ಲಿ ಗುಣ ಉಂಟು ಅಂದ. ನನ್ನನ್ನು ಒಂದು ದಿನವೂ ಹೊಗಳದ ಅಣ್ಣ! ಅಂಥ ಕೈ ಮೋಸ ಮಾಡ್ತದಾ?"

"ಹೆಸರ ಹೇಳಿಬಿಡಪಾ," ಎಂದಳು ಬಸವಣ್ಣೆವ್ವ. "ತಾಯಿ ಎದಿ ಹಗರಾಗಲಿ."

ಗ್ಯಾಲರಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಒಂದು ವಾರ ಇದೇ ಬಾಗಿಲುಗಳು ಅವಳು ಹಾದುಹೋಗುವಾಗ ಮುಚ್ಚಿಕೊಳ್ಳುತ್ತಿದ್ದವು.

"ನಾಳೆ ನಾನೂ ಬರ್ತೇನೆ," ನಳಿನಾಕ್ಷಿ ಅವನ ಅಂಗಿಯ ತೋಳು ಹಿಡಿದಳು. ಹಸಿರು ಬಳೆಗಳು ಸದ್ದು ಮಾಡಿದವು. "ಸಮಿತಿಯ ಮುಂದೆ ನಾನೇ ನಿಂತು ಹೇಳ್ತೇನೆ. ನನ್ನ ಮಗನ ಅನ್ನ ಕಸಿದವರ ಹೆಸರು ನನ್ನ ಬಾಯಿಂದಲೇ ಬರಬೇಕು. ಅವರ ಕೈ ಒಣಗಿ ಹೋಗಲಿ, ಅವರ ಮಕ್ಕಳಿಗೂ ಹೀಗೇ ಆಗಲಿ. ಹೇಳು ಭುಜಂಗ. ಯಾರು?"

ಒಳಗೆ ಬಾಗಿಲ ಸಂದಿಯಲ್ಲಿ ಅಕ್ಷಿತ್ ನಿಂತಿದ್ದ.

ಭುಜಂಗ ಅವಳ ಬೆರಳುಗಳನ್ನು ಒಂದೊಂದಾಗಿ ತೋಳಿನಿಂದ ಬಿಡಿಸಿದ. ಒಂದು ಕಾಲಿಗೆ ಚಪ್ಪಲಿ ಸಿಕ್ಕಿತು, ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡ.

"ಭುಜಂಗಾ! ಹೆಸರು ಹೇಳಿ ಹೋಗು!"

ಅವನು ಮೆಟ್ಟಿಲು ಇಳಿದ. ಮೇಲಿನಿಂದ ಅವಳು ಮತ್ತೆ ಕರೆದಳು, ಆಮೇಲೆ ಬಸವಣ್ಣೆವ್ವನೂ ಕರೆದಳು. ಕೆಳಗೆ ನಲ್ಲಿಯ ಹತ್ತಿರ ನಿಂತಿದ್ದವರು ತಲೆಯೆತ್ತಿ ಒಮ್ಮೆ ಮೇಲಕ್ಕೆ, ಒಮ್ಮೆ ಅವನ ಕಡೆಗೆ ನೋಡಿದರು. ಭುಜಂಗ ಅವರ ನಡುವೆ ದಾರಿ ಮಾಡಿಕೊಂಡು ರೈಲ್ವೆ ಗೇಟಿನ ಕಡೆಗೆ ನಡೆದ. ತಿರುಗಿ ನೋಡಲಿಲ್ಲ.